ಒಂದು ಕೆರೆ, ಹನ್ನೆರಡು ತಿಂಗಳು: ಕನ್ನಡ ನಾಡಿನ ಹಕ್ಕಿಗಳ ವರ್ಷ

(ದತ್ತಿ ಉಪನ್ಯಾಸದ ಲಿಖಿತ ರೂಪ)



ನಾಡಿನ ನಿಸರ್ಗದ ಬಗ್ಗೆ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಮಾತಾಡಬೇಕು ಎಂಬುದು ಈ ದತ್ತಿಯ ಆಶಯ. ಅದಕ್ಕೆ ಹೊಂದುವಂತೆ ಇಂದು ಹಕ್ಕಿ ನೋಡುವ ವಿಷಯವನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಹಣ ಬೇಕಿಲ್ಲ, ಪದವಿ ಬೇಕಿಲ್ಲ. ಕಣ್ಣು, ಕಿವಿ, ತಾಳ್ಮೆ ಇದ್ದರೆ ಯಾರು ಬೇಕಾದರೂ ಮಾಡಬಹುದು.

ಕಳೆದ ಕೆಲವು ದಶಕಗಳಲ್ಲಿ ನಮ್ಮಲ್ಲಿ ಹಕ್ಕಿ ನೋಡುವವರ ಸಂಖ್ಯೆ ಬಹಳ ಹೆಚ್ಚಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’, ‘ಹಕ್ಕಿಪುಕ್ಕ’ ಓದಿ ಬೆಳೆದ ಒಂದು ಪೀಳಿಗೆಯೇ ಕೆರೆ ಏರಿಗಳ ಮೇಲೆ ನಡೆಯಲು ಕಲಿತಿದೆ. ಇದು ಸಂತೋಷದ ಸಂಗತಿ. ಆದರೆ ಇನ್ನೊಂದನ್ನೂ ಹೇಳಬೇಕು. ಈ ಹವ್ಯಾಸ ಬಹುಮಟ್ಟಿಗೆ ಚಳಿಗಾಲದ್ದಾಗಿಯೇ ಉಳಿದಿದೆ. ನವೆಂಬರ್ ಬಂದಾಗ ಹೊರಬರುವ ಬೈನಾಕ್ಯುಲರ್ ಮಾರ್ಚ್ ಹೊತ್ತಿಗೆ ಬೀರು ಸೇರುತ್ತದೆ. ದೂರದೇಶದ ಅತಿಥಿಗಳನ್ನು ನೋಡಿ, ಫೋಟೋ ತೆಗೆದು, ಪಟ್ಟಿಗೆ ಒಂದೆರಡು ಹೊಸ ಹೆಸರು ಸೇರಿಸಿದರೆ ಆ ವರ್ಷದ ಕೆಲಸ ಮುಗಿಯಿತು ಎಂಬ ಭಾವನೆ ಇದೆ.

ನಾನು ಮುಂದಿಡುವ ಮಾತು ಸರಳವಾದದ್ದು. ಹಕ್ಕಿಯ ಬದುಕು ತಿಳಿಯಬೇಕಾದರೆ ಒಂದೇ ಜಾಗವನ್ನು ವರ್ಷದ ಎಲ್ಲ ಕಾಲದಲ್ಲೂ ನೋಡಬೇಕು. ನೋಡಿದ್ದನ್ನು ತಾರೀಖು ಹಾಕಿ ಬರೆದಿಡಬೇಕು. ಏಕೆ ಎಂಬುದನ್ನು ಕಾಲಕಾಲದ ಹಕ್ಕಿಗಳ ಮೂಲಕವೇ ಹೇಳುತ್ತೇನೆ.

ಮಳೆಯ ಲೆಕ್ಕ, ಹಗಲಿನ ಲೆಕ್ಕ

ನಮ್ಮ ರೈತರು ವರ್ಷವನ್ನು ಮಳೆ ನಕ್ಷತ್ರಗಳಿಂದ ಎಣಿಸುತ್ತಾರೆ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಹಿಡಿದು ಭರಣಿ, ಕೃತ್ತಿಕೆ, ರೋಹಿಣಿ. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರಾ, ತಿಂಗಳ ಕೊನೆಗೆ ಆರಿದ್ರಾ. ಆಗಸ್ಟ್ ಮೊದಲಿಗೆ ಆಶ್ಲೇಷ, ಅಕ್ಟೋಬರ್ ಕೊನೆಗೆ ಸ್ವಾತಿ. ಬಿತ್ತನೆಗೆ, ನಾಟಿಗೆ, ಕೊಯ್ಲಿಗೆ ಇದೇ ಲೆಕ್ಕ. ಹಕ್ಕಿ ನೋಡುವವರಿಗೂ ಇದಕ್ಕಿಂತ ಒಳ್ಳೆಯ ಪಂಚಾಂಗ ಸಿಗದು. ನಮ್ಮ ನಾಡಿನ ಹಕ್ಕಿಗಳಲ್ಲಿ ಬಹುಪಾಲು ಗೂಡು ಕಟ್ಟುವುದು, ಮರಿ ಮಾಡುವುದು ಮಳೆಯನ್ನು ಅನುಸರಿಸಿಯೇ.

ಉತ್ತರದ ಶೀತದೇಶಗಳಲ್ಲಿ ಹಗಲು ಉದ್ದವಾಗುವುದೇ ಹಕ್ಕಿಗೆ ಮುಖ್ಯ ಸೂಚನೆ. ಅಲ್ಲಿ ಬೇಸಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಅಜಗಜಾಂತರ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲಿಗೂ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ಇಲ್ಲಿನ ಅನೇಕ ಹಕ್ಕಿಗಳು ಹಗಲಿನ ಉದ್ದದ ಜೊತೆಗೆ ಮಳೆ, ಚಿಗುರು, ಹುಳು, ಹಣ್ಣು, ಮೀನು ಇವುಗಳ ಲಭ್ಯತೆಯನ್ನೂ ನೋಡಿಕೊಂಡು ಸಂಸಾರ ಹೂಡುತ್ತವೆ. ಮರಿಯ ಬಾಯಿಗೆ ಯಾವಾಗ ಹೆಚ್ಚು ಆಹಾರ ಸಿಗುತ್ತದೋ ಆಗ ಮೊಟ್ಟೆ ಒಡೆಯಬೇಕು. ಹಕ್ಕಿಗಳ ವರ್ಷದ ಮೂಲ ಸೂತ್ರ ಇದು.

ಬೇಸಗೆ: ಬತ್ತುವ ಕೆರೆ, ತುಂಬುವ ಗೂಡು

ಬೇಸಗೆಯಲ್ಲಿ ಏನೂ ಇರುವುದಿಲ್ಲ ಎಂದು ಹೇಳುವವರನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಹೂಬಿಟ್ಟ ಒಂದು ಮುತ್ತುಗದ ಮರದ ಕೆಳಗೆ ಕರೆದುಕೊಂಡು ಹೋಗಬೇಕು. ಎಲೆ ಉದುರಿದ ಮುತ್ತುಗ, ಬೂರುಗ, ಹಾಲವಾಣಗಳಲ್ಲಿ ಸೂರಕ್ಕಿ, ಪಿಕಳಾರ, ಗೊರವಂಕ, ಕಾಗೆ ಎಲ್ಲವೂ ಮಕರಂದಕ್ಕೆ ಮುಗಿಬೀಳುತ್ತವೆ. ಮಧ್ಯ ಏಷ್ಯಾ ಮತ್ತು ಪೂರ್ವ ಯೂರೋಪಿನಿಂದ ಬಂದು ಇಲ್ಲಿ ಚಳಿಗಾಲ ಕಳೆದ ಗುಲಾಬಿ ಕಬ್ಬಕ್ಕಿಗಳು ತವರಿಗೆ ಹೊರಡುವ ಮೊದಲು ಈ ಮರಗಳಲ್ಲೇ ಹೊಟ್ಟೆ ತುಂಬಿಕೊಳ್ಳುತ್ತವೆ.

ಇದೇ ಹೊತ್ತಿಗೆ ಮಡಿವಾಳ ಹಕ್ಕಿ ನಸುಕಿನಲ್ಲಿ ಮನೆಯ ಸೂರಿನ ತುದಿಗೆ ಕೂತು ಹಾಡಲು ತೊಡಗುತ್ತದೆ. ಕೋಗಿಲೆಯ ಕೂಗು ಏರುತ್ತದೆ. ಕೋಗಿಲೆ ವಸಂತದಲ್ಲಿ ಬರುವ ಹಕ್ಕಿ ಎಂದು ಹಲವರು ತಿಳಿದಿದ್ದಾರೆ. ಅದು ಎಲ್ಲಿಗೂ ಹೋಗಿರುವುದಿಲ್ಲ. ಉಳಿದ ತಿಂಗಳಲ್ಲಿ ಅದೇ ಆಲ, ಅತ್ತಿ ಮರಗಳಲ್ಲಿ ಹಣ್ಣು ತಿನ್ನುತ್ತ ಮೌನವಾಗಿರುತ್ತದೆ. ಕಾಗೆ ಗೂಡು ಕಟ್ಟುವ ಕಾಲ ಹತ್ತಿರವಾದಾಗ ಗಂಡು ಕೂಗಲು ತೊಡಗುತ್ತದೆ, ಮೈಯೆಲ್ಲ ಚುಕ್ಕೆಯಿರುವ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಕಾಗೆಯ ಕಾಲವೇ ಕೋಗಿಲೆಯ ಕಾಲ. ವರ್ಷವಿಡೀ ಒಂದೇ ಬೀದಿಯನ್ನು ಗಮನಿಸಿದವರಿಗೆ ಮಾತ್ರ ಈ ನಂಟು ಕಣ್ಣಿಗೆ ಬೀಳುತ್ತದೆ.

ಬಿಸಿಲು ಸುಡುವ ಬಯಲಿನಲ್ಲಿ ಟಿಟ್ಟಿಭ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಸುತ್ತಲಿನ ಕಲ್ಲು ಮಣ್ಣಿನದೇ. ಬಿಸಿಲು ಏರಿದಾಗ ತಾಯಿಯೋ ತಂದೆಯೋ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ದಾಂಡೇಲಿಯ ಕಾಡುಗಳಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಬೇಸಗೆಯ ಮೊದಲಿಗೇ ಮರದ ಪೊಟರೆಯೊಳಗೆ ಹೊಕ್ಕು, ಕೊಕ್ಕಿನಷ್ಟೇ ಸಂದು ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸಂದಿನಿಂದ ಉಣಿಸಬೇಕು. ಕಾಡಿನಲ್ಲಿ ಆಲ, ಅತ್ತಿ, ಬಸರಿ ಹಣ್ಣಾಗದೆ ಈ ಸಂಸಾರ ನಡೆಯದು. 2011ರಲ್ಲಿ ದಾಂಡೇಲಿಯ ಸುತ್ತಲ ಕಾಡಿನ ಒಂದು ಭಾಗವನ್ನು ಮಂಗಟ್ಟೆ ಹಕ್ಕಿಗಳಿಗಾಗಿಯೇ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು.

ಬೇಸಗೆಯ ದೊಡ್ಡ ಪಾಠ ಕಲಿಯಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಬೇಕು. ಶಿಂಷಾ ನದಿಯ ಬಳಿಯ ಈ ಊರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಪ್ಲೇಗ್ ಬಂದು ಹಳೆಯ ಊರು ಬಿಟ್ಟಾಗ ಹಕ್ಕಿಗಳೂ ತಮ್ಮ ಜೊತೆಯಲ್ಲೇ ಬಂದವು ಎಂದು ಊರ ಹಿರಿಯರು ಹೇಳುತ್ತಾರೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಅಲ್ಲಿನ ಒಂದು ಮರದ ಕೆಳಗೆ ನಿಂತರೆ ಕಾಣುವುದು ಇದು: ಮೇಲೆ ಕಡ್ಡಿಯ ಗೂಡುಗಳು ಒತ್ತೊತ್ತಾಗಿ ಇವೆ. ಹೆಜ್ಜಾರ್ಲೆ ಬಂದು ಇಳಿಯುತ್ತದೆ, ಕೊಂಬೆ ತೂಗುತ್ತದೆ. ಮರಿ ತಲೆಯನ್ನು ತಾಯಿಯ ಗಂಟಲ ಚೀಲದೊಳಕ್ಕೆ ಇಳಿಸಿ, ಅರ್ಧ ಅರಗಿದ ಮೀನನ್ನು ತಿನ್ನುತ್ತದೆ. ಕೆಳಗೆ ನೆಲವೆಲ್ಲ ಹಿಕ್ಕೆಯಿಂದ ಬೆಳ್ಳಗಾಗಿದೆ, ಅದರ ಘಾಟು ಮೂಗಿಗೆ ಬಡಿಯುತ್ತದೆ. ಊರವರು ಆ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಪಕ್ಕದ ಜಗಲಿಯಲ್ಲಿ ಅಜ್ಜಿ ಅಕ್ಕಿ ಆರಿಸುತ್ತಾರೆ, ಮೇಲಿನ ಗದ್ದಲ ಅವರ ಕಿವಿಗೇ ಬೀಳದು.

ಇಷ್ಟು ದೊಡ್ಡ ಹಕ್ಕಿ ಒಣಗಾಲದಲ್ಲೇ ಮರಿ ಮಾಡುವುದೇಕೆ? ಕೆರೆಗಳು ತಗ್ಗುತ್ತ ಬಂದಂತೆ ಮೀನು ಕಡಿಮೆ ನೀರಿನಲ್ಲಿ ಒತ್ತಟ್ಟಿಗೆ ಸೇರುತ್ತದೆ. ಗುಂಪಿನಲ್ಲಿ ಮೀನು ಹಿಡಿಯುವ ಹೆಜ್ಜಾರ್ಲೆಗೂ, ಕೊಕ್ಕನ್ನು ನೀರಿನಲ್ಲಿ ಆಡಿಸುತ್ತ ಹುಡುಕುವ ಬಣ್ಣದ ಕೊಕ್ಕರೆಗೂ ಅದೇ ಸುಗ್ಗಿ. ಹೀಗಾಗಿ ಕೊಕ್ಕರೆಬೆಳ್ಳೂರಿನ ಗೂಡುಗಳ ಹಣೆಬರಹ ಸುತ್ತಲಿನ ಹತ್ತಾರು ಕೆರೆಗಳ ಕೈಯಲ್ಲಿದೆ. ಮರಗಳ ಒಡೆಯರು ಹುಣಸೆ ಕೊಯ್ಯದೆ ಬಿಟ್ಟದ್ದಕ್ಕೆ ಸರ್ಕಾರ ಪರಿಹಾರ ಕೊಡುವ ಏರ್ಪಾಡಾಯಿತು, ‘ಹೆಜ್ಜಾರ್ಲೆ ಬಳಗ’ದ ಯುವಕರು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು, 2007ರಲ್ಲಿ ಊರು ಸಮುದಾಯ ಮೀಸಲು ಎನಿಸಿತು. ಮರ ಉಳಿಯಿತು. ಆದರೆ 2017-18ರ ಚಳಿಗಾಲದಲ್ಲಿ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಪರೋಪಜೀವಿ ಹುಳುಗಳು ತುಂಬಿದ್ದವು. ಮರವನ್ನು ಕಾದರೆ ಸಾಲದು, ಮೀನು ಬರುವ ಕೆರೆಯನ್ನೂ ಕಾಯಬೇಕು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಮುಂಗಾರು: ನೆನೆಯುವವರಿಗೆ ಕಾಣುವ ಹಕ್ಕಿಗಳು

ಈಗ ಮಲೆನಾಡಿನ ಕಡೆ ಬನ್ನಿ. ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ಬಿಳಿ ಕೆಂಬರಲುಗಳು, ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಇರುಳು ಬಕಗಳು ಗೂಡು ಕಟ್ಟುವುದು ಜಡಿಮಳೆಯಲ್ಲಿ. ಕೊಕ್ಕರೆಬೆಳ್ಳೂರಿನಲ್ಲಿ ಗೂಡುಗಳು ಬರಿದಾದ ಮೇಲೆ ಇಲ್ಲಿ ಸಂಸಾರ ಶುರು. ಕೆಂಬರಲಿನ ಊಟ ಕೆಸರಿನ ಹುಳು, ಕಪ್ಪೆ, ಏಡಿ, ಬಸವನಹುಳು. ನಾಟಿ ಗದ್ದೆಗಳು ತುಂಬಿ ತುಳುಕುವ ಕಾಲವೇ ಅದಕ್ಕೆ ಸುಗ್ಗಿ. ಎರಡೂ ಕಡೆ ಇರುವುದು ನೀರಹಕ್ಕಿಗಳೇ, ಎರಡೂ ಕಡೆ ನಿಯಮ ಒಂದೇ, ತಿಂಗಳು ಮಾತ್ರ ಬೇರೆ. ಚಳಿಗಾಲದಲ್ಲಷ್ಟೇ ಹಕ್ಕಿ ನೋಡುವವರಿಗೆ ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶವೇ ಇಲ್ಲ.

ಮುಂಗಾರಿನ ಹಕ್ಕಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗೀಜಗ. ಮಳೆ ಬೀಳುವ ಮೊದಲು ಅದು ಗುಬ್ಬಿಯ ಬಣ್ಣದ ಸಾಧಾರಣ ಹಕ್ಕಿ. ಮೃಗಶಿರಾ ದಾಟುವ ಹೊತ್ತಿಗೆ ಗಂಡಿನ ನೆತ್ತಿ, ಎದೆ ಅರಿಸಿನದ ಬಣ್ಣಕ್ಕೆ ತಿರುಗುತ್ತವೆ. ಬಾವಿಯ ಮೇಲೆ ಬಾಗಿದ ಜಾಲಿ, ಕೆರೆ ದಂಡೆಯ ಈಚಲು, ತೆಂಗಿನ ಗರಿ ಇದರ ಮೆಚ್ಚಿನ ಜಾಗ. ಕಬ್ಬಿನದೋ ಭತ್ತದ್ದೋ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಕಚ್ಚಿದ ಹಾಗೆಯೇ ಹಾರಿಬಿಡುತ್ತದೆ. ಎಳೆ ಸರ್ರನೆ ಸೀಳಿಕೊಂಡು ಬರುತ್ತದೆ. ಮೊದಲು ಕೊಂಬೆಯ ತುದಿಗೆ ಗಂಟು, ಗಂಟಿನಿಂದ ಒಂದು ಬಳೆ, ಬಳೆಯ ಒಂದು ಪಕ್ಕಕ್ಕೆ ಮೊಟ್ಟೆಯ ಕೋಣೆ. ಇಷ್ಟಾದಾಗ ಕೆಲಸ ನಿಲ್ಲಿಸಿ, ಬಳೆಯಿಂದ ತಲೆಕೆಳಗಾಗಿ ಜೋತು, ರೆಕ್ಕೆ ಬಡಿಯುತ್ತ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು, ಅಲ್ಲಿ ಇಲ್ಲಿ ಎಳೆದು ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಕೆಳಮುಖದ ಕೊಳವೆ ಬಾಗಿಲನ್ನು ನೇಯ್ದು ಮುಗಿಸುತ್ತದೆ. ಒಪ್ಪದ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಹೆಣ್ಣು ಕಾವು ಕೂತ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ.

ಈ ಸಂಸಾರದ ಕ್ರಮವನ್ನು ಬಿಡಿಸಿ ಹೇಳಿದವರು ಪಕ್ಷಿತಜ್ಞ ಸಲೀಂ ಅಲಿ. 1930ರಲ್ಲಿ, ಕೈಯಲ್ಲಿ ನೌಕರಿ ಇಲ್ಲದ ದಿನಗಳಲ್ಲಿ, ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಹಳ್ಳಿಯಲ್ಲಿ ಅವರು ಗೀಜಗಗಳ ಒಂದೇ ನೆಲೆಯನ್ನು ಮಳೆಗಾಲವಿಡೀ ಕೂತು ನೋಡಿದರು. ಯಾವ ಪ್ರಯೋಗಾಲಯವೂ ಇರಲಿಲ್ಲ. ಜಾಗ ಬದಲಿಸದೆ ನೋಡಿದ್ದೇ ಅವರ ವಿಧಾನ. ಅದೇ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳ ಮೇಲಿನ ಗೂಡುಗಳನ್ನು ಕಂಡು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದ ನಡುವೆ, ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ್ದರಿಂದ ಉಂಟಾದ ನಡುಗಡ್ಡೆಗಳು ಅವು. ನೀರಾವರಿಗೆಂದು ಕಟ್ಟಿದ್ದು ಹಕ್ಕಿಗಳ ಮನೆಯಾಯಿತು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸರ್ ತಾಣವೂ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶವೂ, ಆಯಿತು.

ನವಿಲು ಗರಿಗೆದರಿ ಕುಣಿಯುವುದು ಮೋಡ ಕಟ್ಟಿದಾಗ ಎಂದು ಎಲ್ಲರಿಗೂ ಗೊತ್ತು. ಆಗಸ್ಟ್ ಹೊತ್ತಿಗೆ ಆ ಉದ್ದನೆಯ ಗರಿಗಳೆಲ್ಲ ಉದುರಿಹೋಗಿ, ಗಂಡು ಬೋಳು ಬೆನ್ನಿನಿಂದ ಪೊದೆಗಳ ನಡುವೆ ಅಡಗಿ ಓಡಾಡುವುದನ್ನು ನೋಡಿದವರು ಕಡಿಮೆ. ಅದನ್ನೂ ನೋಡಿದಾಗಲೇ ನವಿಲಿನ ವರ್ಷ ಪೂರ್ತಿಯಾಗುವುದು.

ಬರುವವರು

ವಲಸೆ ಹಕ್ಕಿಗಳು ಚಳಿಯ ಜೊತೆ ಬರುತ್ತವೆ ಎಂಬ ಮಾತು ಅರ್ಧ ಸತ್ಯ. ಆಶ್ಲೇಷ ಮಳೆ ಸುರಿಯುವಾಗಲೇ ಮೊದಲ ಗದ್ದೆಗೊರವಗಳು ಕೆರೆ ಅಂಚಿಗೆ ಇಳಿದಿರುತ್ತವೆ. ಹುಬ್ಬ, ಉತ್ತರೆ ಮಳೆಗಳ ಹೊತ್ತಿಗೆ ಮಲೆನಾಡಿನ ಹಳ್ಳಗಳ ಬಂಡೆಗಳ ಮೇಲೆ ಬೂದು ಸಿಪಿಲೆ ಬಾಲ ಕುಣಿಸುತ್ತದೆ. ನಂತರ ವಿದ್ಯುತ್ ತಂತಿಗಳ ಮೇಲೆ ಅಂಬರಗುಬ್ಬಿಗಳ ಸಾಲು. ಅಕ್ಟೋಬರ್‌ನಲ್ಲಿ ಮನೆ ಮುಂದಿನ ಮಾವಿನ ಮರದಲ್ಲಿ ಎಲೆ ಉಲಿಯಕ್ಕಿ. ಬೆರಳಿನಷ್ಟು ಚಿಕ್ಕ, ಹಸಿರು ಬಣ್ಣದ ಈ ಹಕ್ಕಿ ಕಣ್ಣಿಗೆ ಸಿಗುವುದು ಕಷ್ಟ, ಅದರ ಚುರುಕಾದ ಕೂಗು ಮಾತ್ರ ಏಪ್ರಿಲ್‌ವರೆಗೂ ದಿನವಿಡೀ ಕೇಳಿಸುತ್ತಿರುತ್ತದೆ.

ಇದೇ ಸಮಯದಲ್ಲಿ ನವರಂಗ ಬರುತ್ತದೆ. ಹಿಮಾಲಯದ ತಪ್ಪಲಿನಲ್ಲೂ ಮಧ್ಯ ಭಾರತದ ಕಾಡುಗಳಲ್ಲೂ ಮರಿ ಮಾಡಿ, ರಾತ್ರಿ ಹೊತ್ತು ಹಾರುತ್ತ ದಕ್ಷಿಣಕ್ಕೆ ಬರುವ ಹಕ್ಕಿ ಇದು. ದಣಿದು ಬೆಳಗಾಗುವಾಗ ಊರಿನ ಹಿತ್ತಲಿಗೋ ಶಾಲೆಯ ವರಾಂಡಕ್ಕೋ ಬಂದು ಬೀಳುವುದುಂಟು. ಹಾಗೆ ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆಯಲ್ಲಿ, ಸದ್ದಿಲ್ಲದ ಕಡೆ ಇಟ್ಟು ಸುಧಾರಿಸಿಕೊಳ್ಳಲು ಬಿಡಿ. ಚೇತರಿಸಿಕೊಂಡ ಮೇಲೆ ಪೊದೆಗಳಿರುವ ಕಡೆ ಬಿಟ್ಟುಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಸ್ವಾತಿ ಮಳೆ ಮುಗಿದು ಕೆರೆಗಳು ತುಂಬಿ ನಿಂತಾಗ ಸೂಜಿಬಾಲದ ಬಾತು, ಚಲುಕದ ಬಾತುಗಳ ಹಿಂಡುಗಳು ಇಳಿಯುತ್ತವೆ. ಇವರಲ್ಲಿ ಹಿರಿಯ ಅತಿಥಿ ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬರುತ್ತದೆ. ಮಂಗೋಲಿಯ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನೇ ದಾಟಿ ಇಲ್ಲಿಗೆ ಬರುವ ಹಕ್ಕಿ. ಮೈಗೆ ಕಟ್ಟಿದ ಉಪಗ್ರಹ ಟ್ರಾನ್ಸ್‌ಮಿಟರ್‌ಗಳಿಂದ ಇವು 7000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಆಮ್ಲಜನಕ ತೀರಾ ಕಡಿಮೆ. ಇದರ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಬಿಗಿಯಾಗಿ ಹಿಡಿಯಬಲ್ಲದು. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚಾಗಿ ಹಾರುತ್ತದೆ, ಬೆಟ್ಟದ ಏರಿಳಿತವನ್ನೇ ಅನುಸರಿಸಿ ಹೋಗುತ್ತದೆ. ಇಷ್ಟೆಲ್ಲ ದಾಟಿ ಬಂದ ಹಕ್ಕಿಗೆ ಬೇಕಾದದ್ದು ಹಗಲು ವಿಶ್ರಮಿಸಲು ಒಂದು ಕೆರೆ, ಮೇಯಲು ಸುತ್ತಲಿನ ಹೊಲ. 2024ರ ಜನವರಿಯಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದವು. ಮಾಗಡಿ, ಅಂಕಸಮುದ್ರ ಎರಡೂ ನಮ್ಮ ಹಿರಿಯರು ಬೇಸಾಯಕ್ಕೆಂದು ಕಟ್ಟಿದ ಕೆರೆಗಳು ಎಂಬುದನ್ನು ನೆನಪಿಡಬೇಕು.

ಚಳಿಗಾಲದ ಬಯಲನ್ನೂ ಮರೆಯಬಾರದು. ಬೆಂಗಳೂರಿನ ಹೊರಗಿನ ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಿ ಸೆಳೆವಗಳು ಹುಲ್ಲಿನ ತುದಿಗೆ ತಾಗುವಂತೆ ತೇಲಿ ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹಿಡಿಯುತ್ತವೆ. ಸಂಜೆ ಅದೇ ಹುಲ್ಲಿನ ನಡುವೆ ನೆಲದ ಮೇಲೆ ಒಟ್ಟಾಗಿ ತಂಗುತ್ತವೆ. ಅವುಗಳಿಗೆ ಮರ ಬೇಕಿಲ್ಲ. ಹುಲ್ಲುಗಾವಲನ್ನು ಬಂಜರು ಎಂದು ಕರೆದು ಅಲ್ಲಿ ನೀಲಗಿರಿ ನೆಡುವುದು ಸೆಳೆವದ ಮನೆಯನ್ನೇ ಕಿತ್ತಂತೆ.

ತಾರೀಖಿನ ಬೆಲೆ

ಇಷ್ಟನ್ನೂ ಬರೆದಿಡುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. 2007ರಲ್ಲಿ ಬೆಂಗಳೂರಿನಿಂದ ‘ಮೈಗ್ರೆಂಟ್‌ವಾಚ್’ ಎಂಬ ಯೋಜನೆ ಶುರುವಾಯಿತು. ವಲಸೆ ಹಕ್ಕಿಯನ್ನು ಆ ವರ್ಷ ಮೊದಲು ಕಂಡ ದಿನ ಮತ್ತು ಕೊನೆಗೆ ಕಂಡ ದಿನವನ್ನು ತಿಳಿಸಿ ಎಂದು ಅದು ಜನಸಾಮಾನ್ಯರನ್ನು ಕೇಳಿತು. ಅಂಥ ಪ್ರಯತ್ನಗಳು ಬೆಳೆದು ಇಂದು ಹಕ್ಕಿ ವೀಕ್ಷಣೆಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಕೋಟಿಗಟ್ಟಲೆ ದಾಖಲೆಗಳಿವೆ. 2023ರ ‘ಭಾರತದ ಹಕ್ಕಿಗಳ ಸ್ಥಿತಿ’ ವರದಿ 30,000ಕ್ಕೂ ಹೆಚ್ಚು ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಲೆಕ್ಕ ಹಾಕಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿವೆ. 178 ಪ್ರಭೇದಗಳಿಗೆ ತುರ್ತು ಗಮನ ಬೇಕು. ಬಯಲು ಮತ್ತು ಹುಲ್ಲುಗಾವಲಿನ ಹಕ್ಕಿಗಳು, ವಲಸೆ ಬರುವ ಬಾತು, ಗೊರವಗಳು ಹೆಚ್ಚು ಪೆಟ್ಟು ತಿಂದಿವೆ. ಕೋಗಿಲೆ, ನವಿಲು ಹೆಚ್ಚಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗಿದೆ.

ನೀಲಕಂಠ ಅಪರೂಪದ ಹಕ್ಕಿಯಾಗಿರಲಿಲ್ಲ. ಹೊಲದ ಬದುವಿನ ಮರದ ಮೇಲೆ, ತಂತಿಯ ಮೇಲೆ ದಿನವೂ ಕಾಣುತ್ತಿದ್ದ ಹಕ್ಕಿ. ದಿನವೂ ಕಾಣುವುದನ್ನು ಯಾರೂ ಬರೆದಿಡುವುದಿಲ್ಲ. ಹಾಗಾಗಿ ಅದು ಕಡಿಮೆಯಾಗತೊಡಗಿದಾಗ ‘ಮೊದಲು ಇಷ್ಟಿತ್ತು’ ಎಂದು ತೋರಿಸಲು ನಮ್ಮ ಬಹುತೇಕ ಊರುಗಳಲ್ಲಿ ಕಾಗದವೇ ಇಲ್ಲ. ಅಪರೂಪದ ಹಕ್ಕಿಯ ಫೋಟೋಗಿಂತ, ಒಂದೇ ಊರಿನ ಸಾಧಾರಣ ಹಕ್ಕಿಗಳ ಹತ್ತು ವರ್ಷದ ಟಿಪ್ಪಣಿ ಹೆಚ್ಚು ಬೆಲೆಯುಳ್ಳದ್ದು ಎಂದು ನಾನು ನಂಬಿದ್ದೇನೆ. ಇಂದು ಹಾಳೆಯ ಮೇಲೆ ‘ಹುಬ್ಬ ಮಳೆ, ಮೊದಲ ಸಿಪಿಲೆ’ ಎಂದು ಬರೆದ ಸಾಲು, ಮಳೆಯ ಕಾಲ ಏರುಪೇರಾಗುತ್ತಿರುವ ಈ ದಿನಗಳಲ್ಲಿ, ಮುಂದಿನವರಿಗೆ ಅಳತೆಗೋಲಾಗುತ್ತದೆ.

ಹೇಗೆ ಶುರು ಮಾಡುವುದು

ಮನೆಯಿಂದ ನಡೆದು ಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಕೆರೆ, ಗದ್ದೆ, ತೋಟ, ಶಾಲೆಯ ಅಂಗಳ, ಯಾವುದಾದರೂ ಆದೀತು. ವಾರಕ್ಕೊಮ್ಮೆ, ಸಾಧ್ಯವಾದರೆ ಬೆಳಗ್ಗೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡೆಯಿರಿ. ತಾರೀಖು, ಹೊತ್ತು, ಹವೆ, ಕೆರೆಯ ನೀರಿನ ಮಟ್ಟ, ಯಾವ ಮರ ಹೂ ಬಿಟ್ಟಿದೆ, ಯಾವ ಹಕ್ಕಿ ಎಷ್ಟು, ಏನು ಮಾಡುತ್ತಿತ್ತು ಎಂದು ಬರೆಯಿರಿ. ಹೆಸರು ತಿಳಿಯದ ಹಕ್ಕಿಯ ಬಣ್ಣ, ಕೊಕ್ಕು, ಕೂಗು ಬರೆದಿಟ್ಟರೆ ಹೆಸರು ಆಮೇಲೆ ಸಿಗುತ್ತದೆ. ಇಂದು ಕಾಣದ ಹಕ್ಕಿಯನ್ನು ‘ಕಾಣಲಿಲ್ಲ’ ಎಂದು ಬರೆಯುವುದೂ ಅಷ್ಟೇ ಮುಖ್ಯ.

ಗೂಡಿನ ಹತ್ತಿರ ಹೋಗಬೇಡಿ, ಕೊಂಬೆ ಸರಿಸಿ ಫೋಟೋ ತೆಗೆಯಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ; ಮರಿ ಮಾಡುವ ಕಾಲದಲ್ಲಿ ಅದು ಎದುರಾಳಿ ಬಂದಿದ್ದಾನೆಂದು ಗಾಬರಿಯಾಗಿ ಗೂಡು ಬಿಟ್ಟು ಬರುತ್ತದೆ. ಗೂಡಿರುವ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ.

ಅಧ್ಯಾಪಕ ಮಿತ್ರರಲ್ಲಿ ವಿಶೇಷವಾಗಿ ಒಂದು ವಿನಂತಿ. ನಿಮ್ಮ ಶಾಲೆಯಲ್ಲಿ ಒಂದು ದಪ್ಪ ನೋಟ್ ಪುಸ್ತಕ ಇಡಿ. ಅದರ ಮೇಲೆ ಊರಿನ ಹೆಸರು, ಕೆರೆಯ ಹೆಸರು ಬರೆಯಿರಿ. ಪ್ರತಿವರ್ಷ ಒಂದು ತರಗತಿಯ ಮಕ್ಕಳು ಅದನ್ನು ತುಂಬಿ ಮುಂದಿನ ತರಗತಿಗೆ ಒಪ್ಪಿಸಲಿ. ಫೆಬ್ರವರಿಯಲ್ಲಿ ದೇಶದಾದ್ಯಂತ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಗೆ ಹದಿನೈದು ನಿಮಿಷ ನೋಡಿ ಬರೆದ ಪಟ್ಟಿಯೂ ಸಲ್ಲುತ್ತದೆ; ಮಕ್ಕಳನ್ನು ಅಲ್ಲಿಂದ ಶುರು ಮಾಡಿಸಬಹುದು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಏಪ್ರಿಲ್ ಬಿಸಿಲಿನಲ್ಲಿ, ಜುಲೈ ಮಳೆಯಲ್ಲಿ, ಅಕ್ಟೋಬರ್ ಮಂಜಿನಲ್ಲಿ ಅದೇ ಕೆರೆಗೆ ಮತ್ತೆ ಕರೆದುಕೊಂಡು ಹೋಗಿ. ಆ ಪುಸ್ತಕ ತುಂಬಿದ ಮೇಲೆ ಅದನ್ನು ಗ್ರಾಮ ಪಂಚಾಯಿತಿಯ ಮುಂದಿಡಿ. ಕೆರೆಯ ಒತ್ತುವರಿಯೋ, ಹುಲ್ಲುಗಾವಲಿನ ಮಂಜೂರಾತಿಯೋ ಚರ್ಚೆಗೆ ಬಂದ ದಿನ, ಹಕ್ಕಿಗಳ ಪರವಾಗಿ ಸಾಕ್ಷಿ ಹೇಳಲು ಊರಿನಲ್ಲಿ ಒಂದು ದಾಖಲೆ ಇರಲಿ.

ಬರುವ ಭಾನುವಾರವೇ ನಿಮ್ಮ ನಿಮ್ಮ ಊರಿನ ಕೆರೆಗೆ ಹೋಗಿ ಮೊದಲ ಪುಟ ಬರೆಯಿರಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.